ಪ್ರಸಾದವೂ ಪರಿಸರದ ಪಾಠವೂ



ಕಳೆದ ಜಾತ್ರೆಗೆ ಮೊದಲು ಶಾಲೆಯ ಮಕ್ಕಳನ್ನು ಕೂಡಿಸಿಕೊಂಡು ಹವಾಮಾನ ಬದಲಾವಣೆಯ ವಿಷಯವಾಗಿ ಒಂದು ಗಂಟೆ ಮಾತನಾಡಿದೆವು. ಕಲ್ಲಿದ್ದಲು, ಪೆಟ್ರೋಲು ಉರಿಸಿ ಉರಿಸಿ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿತು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಹಿಂದೆ ಸುಮಾರು 280 ಪಾಲು ಇದ್ದದ್ದು ಈಗ 420ನ್ನು ದಾಟಿದೆ. ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಆಗಿದೆ ಎಂದೆವು. ಮಕ್ಕಳು ಕೈಕಟ್ಟಿ ಕೇಳಿದರು. ಚೆನ್ನಾಗಿ ಹೇಳಿದೆವೆಂಬ ಹಮ್ಮು ನಮಗೂ ಬಂತು.

ಜಾತ್ರೆಯ ಮರುದಿನ ಆರನೆಯ ತರಗತಿಯ ಹುಡುಗಿಯೊಬ್ಬಳು ನಮ್ಮನ್ನು ದಾಸೋಹ ಮನೆಯ ಹಿಂದಕ್ಕೆ ಕರೆದೊಯ್ದಳು. ಅನ್ನ, ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಪ್ಲಾಸ್ಟಿಕ್ ಲೋಟ ಎಲ್ಲವೂ ಒಂದೇ ತಗ್ಗಿನಲ್ಲಿ ಬಿದ್ದು ನಾರುತ್ತಿದ್ದವು. 'ಅಜ್ಜಾರ, ಇದೂ ಪ್ರಸಾದನ ಏನ್ರಿ?' ಎಂದಳು.

ನಾವು ಉತ್ತರ ಕೊಡಲಿಲ್ಲ. ಕೊಡುವುದಕ್ಕೆ ಏನೂ ಇರಲಿಲ್ಲ. ಒಂದು ಅಗುಳನ್ನೂ ಬಿಡದೆ, ತಾಟು ತೊಳೆದ ನೀರನ್ನೂ ಕುಡಿದು ಏಳುತ್ತಿದ್ದ ಹಿರಿಯರು ನಿಮ್ಮ ಮನೆಗಳಲ್ಲಿಯೇ ಇದ್ದರಲ್ಲವೇ? ಅವರಿಗೆ ಯಾರೂ ಈ ಶಾಸ್ತ್ರ ಹೇಳಿರಲಿಲ್ಲ. ಅನ್ನವು ಗಾಳಿಯಾಡದ ತಗ್ಗಿನಲ್ಲಿ ಕೊಳೆತರೆ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ. ನೂರು ವರ್ಷದ ಲೆಕ್ಕ ಹಿಡಿದರೆ ಶಾಖ ಹಿಡಿದಿಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಲವಾದದ್ದು. 2022ನೆಯ ಒಂದೇ ವರ್ಷದಲ್ಲಿ ಜಗತ್ತಿನ ಮನೆ, ಖಾನಾವಳಿ, ಅಂಗಡಿಗಳಲ್ಲಿ ನೂರು ಕೋಟಿ ಟನ್ನಿಗೂ ಮಿಕ್ಕಿ ಆಹಾರ ಹಾಳಾಯಿತೆಂದು ವಿಶ್ವಸಂಸ್ಥೆ ಲೆಕ್ಕ ಹಾಕಿದೆ. ಅದನ್ನು ಬೆಳೆಯಲು ಸುರಿದ ನೀರು, ರೈತನ ಬೆವರು ಬೇರೆ.

ಶಾಲೆಗಳಲ್ಲಿ ಪರಿಸರವನ್ನು ಪಾಠವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟು 1991ರಲ್ಲಿಯೇ ಹೇಳಿತು. ಪಾಠ ಬಂತು, ಪರೀಕ್ಷೆ ಬಂತು, ಅಂಕವೂ ಬಂತು. ಮಗುವಾದರೋ ಪುಸ್ತಕ ಮುಚ್ಚಿ ನಮ್ಮ ಕಡೆಗೆ ನೋಡುತ್ತದೆ! ನಾವು ಏನು ಮಾಡುತ್ತೇವೆಂಬುದೇ ಅದಕ್ಕೆ ಪಾಠ. ಇನ್ನೊಂದು ಮಾತು. ಭೂಮಿ ಮುಳುಗಿತು, ಸುಟ್ಟಿತು ಎಂದು ಹೆದರಿಸಿ ಮಕ್ಕಳನ್ನು ಮನೆಗೆ ಕಳಿಸಬೇಡಿ. ಹೆದರಿದ ಮಗು ರಾತ್ರಿ ನಿದ್ದೆಗೆಡುತ್ತದೆ, ಅಷ್ಟೇ. ಅದರ ಕೈಗೆ ಒಂದು ಕೆಲಸ ಕೊಡಿ.

ಈಗ ಪ್ರಸಾದ ನಿಲಯದಲ್ಲಿ ಮಕ್ಕಳೇ ದಿನಾಲು ರಾತ್ರಿ ಉಳಿದ ಅನ್ನವನ್ನು ತಕ್ಕಡಿಯಲ್ಲಿ ತೂಗಿ ಹಲಗೆಯ ಮೇಲೆ ಬರೆಯುತ್ತಾರೆ. ಅದನ್ನು ನೋಡಿ ಅಡಿಗೆಯವರು ಮರುದಿನದ ಅಕ್ಕಿ ಅಳೆಯುತ್ತಾರೆ. ಉಳಿದದ್ದು ಗೋಬರ್ ಗ್ಯಾಸಿನ ಗುಂಡಿಗೆ ಹೋಗುತ್ತದೆ. ಅದೇ ಮೀಥೇನು ಅಲ್ಲಿ ಒಲೆ ಉರಿಸುತ್ತದೆ.

ಈ ಸಲದ ಜಾತ್ರೆಯಲ್ಲಿ ಮೊದಲ ಸಾಲಿಗೆ ಕಡಿಮೆ ಬಡಿಸುತ್ತಾರೆ. ಸಿಟ್ಟಾಗಬೇಡಿ, ಕೇಳಿದರೆ ಮತ್ತೆ ಬಡಿಸುತ್ತಾರೆ. ಸಾಕೆನಿಸಿದರೆ ಸೌಟು ಬಾಗುವ ಮೊದಲೇ ಕೈ ಅಡ್ಡ ಹಿಡಿಯಿರಿ. ತಾಟು ತೊಳೆಯುವ ಕಡೆಗೆ ಆ ಹುಡುಗಿಯನ್ನೂ ಅವಳ ಗೆಳತಿಯರನ್ನೂ ನಿಲ್ಲಿಸಿದ್ದೇವೆ.