ಮೀಟರಿನೊಳಗಿನ ಪುಟ್ಟ ಬ್ಯಾಟರಿ



ಕಲ್ಯಾಣದಾಚೆ ಶಹಾಡ್, ಅಂಬಿವ್ಲಿ ದಾಟಿದರೆ ಸಿಗುವ ಟಿಟ್ವಾಳಾ ನಮಗೆಲ್ಲ ಮಹಾಗಣಪತಿಯ ಊರೆಂದೇ ಪರಿಚಿತ. ಅಲ್ಲಿಂದ, ಡೊಂಬಿವ್ಲಿಯಿಂದ, ಪರೀಕ್ಷಾ ಉಪಕರಣದ ಚೀಲವನ್ನು ಹೆಗಲಿಗೇರಿಸಿ ಲೋಕಲ್ ಹತ್ತುವ ತಂತ್ರಜ್ಞರೂ ಇದ್ದಾರೆ. ಕೇಬಲ್, ದೂರವಾಣಿ, ವೈರ್‌ಲೆಸ್ ಕೆಲಸದ ಈ ಬಂಧುಗಳಿಗಾಗಿ ಇಂದಿನ ನಾಲ್ಕು ಮಾತು.

ಇಂಥ ಹಳೆಯ ಉಪಕರಣಗಳಲ್ಲಿ ಅನೇಕವು ಎರಡು ಬಗೆಯ ಬ್ಯಾಟರಿ ಹೊಂದಿರುತ್ತವೆ. ದೊಡ್ಡದು ಉಪಕರಣವನ್ನು ನಡೆಸುತ್ತದೆ. ಅದು ಸತ್ತರೆ ಕೂಡಲೇ ಗೊತ್ತಾಗುತ್ತದೆ. ಚಿಕ್ಕದು ಒಳಗಿನ ನೆನಪನ್ನು ಕಾಯುತ್ತದೆ. ಕಾರ್ಖಾನೆಯಲ್ಲಿಯೋ ಪ್ರಯೋಗಾಲಯದಲ್ಲಿಯೋ ತುಂಬಿದ ತಿದ್ದುಪಡಿಯ ಅಂಕಿಗಳು, ಅಂದರೆ ಕ್ಯಾಲಿಬ್ರೇಶನ್, ಅದರ ಆಸರೆಯಲ್ಲೇ ಉಳಿದಿರುತ್ತವೆ. ಅದು ಸತ್ತ ಮೇಲೂ ಪರದೆ ಬೆಳಗಬಹುದು, ಅಂಕಿ ತೋರಿಸಬಹುದು. ಆದರೆ ಆ ಅಂಕಿಯನ್ನು ನಂಬುವಂತಿಲ್ಲ. ತಪ್ಪು ಅಳತೆಗೆ ಸಹಿ ಹಾಕಿದವನ ಅನ್ನಕ್ಕೇ ಸಂಚಕಾರ.

ಈ ಚಿಕ್ಕ ಬ್ಯಾಟರಿ ಸವೆಯುವುದು ಮುಖ್ಯವಾಗಿ ಉಪಕರಣ ಆಫ್ ಆಗಿರುವಾಗ. ಮಳೆಗಾಲವಿಡೀ ಕಪಾಟಿನಲ್ಲಿ ಸುಮ್ಮನೆ ಕುಳಿತ ಮೀಟರಿಗೂ ವಯಸ್ಸಾಗುತ್ತದೆ ಎಂಬುದನ್ನು ಮರೆಯಬಾರದು.

ವೋಲ್ಟೇಜ್ ನೋಡಿಕೊಂಡರೆ ಸಾಲದೇ ಎನ್ನಬಹುದು. ಸಾಲದು. 3.6 ವೋಲ್ಟಿನ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್ ಕೊನೆಯವರೆಗೂ ಹೆಚ್ಚುಕಡಿಮೆ ಅದೇ ವೋಲ್ಟೇಜ್ ತೋರಿಸಿ, ನಂತರ ಥಟ್ಟನೆ ಕುಸಿಯುತ್ತದೆ. ಆದ್ದರಿಂದ ವರ್ಷವನ್ನೇ ಲೆಕ್ಕ ಹಿಡಿಯಿರಿ. ಸೆಲ್ ಹಾಕಿದ ತಿಂಗಳು, ವರ್ಷವನ್ನು ಚೀಟಿಯಲ್ಲಿ ಬರೆದು ಒಳಗೆ ಅಂಟಿಸಿ. ಡಲ್ಲಾಸ್ ಕಂಪನಿಯ ಡಿಎಸ್ 1225ರಂಥ ಚಿಪ್‌ಗಳಲ್ಲಿ ಬ್ಯಾಟರಿ ಚಿಪ್ಪಿನೊಳಗೇ ಹುದುಗಿರುತ್ತದೆ. ಅವುಗಳ ಭರವಸೆ 10 ವರ್ಷ.

ಬದಲಿಸುವ ಮುನ್ನ ಅಂಕಿಗಳನ್ನು ಪರದೆಯಿಂದ ಬರೆದುಕೊಳ್ಳಿ, ಅಥವಾ ಕಂಪ್ಯೂಟರಿಗೆ ಇಳಿಸಿಕೊಳ್ಳಿ. 3 ವೋಲ್ಟಿನ ಸರ್ಕ್ಯೂಟಾದರೆ ಎರಡು ಮಾಮೂಲಿ 1.5 ವೋಲ್ಟ್ ಸೆಲ್‌ಗಳನ್ನು ಸರಣಿಯಲ್ಲಿ ಸೇರಿಸಿ, ಒಂದು ಡಯೋಡ್ ಮೂಲಕ, ಧನ ಋಣ ನೋಡಿ, ಹಳೆಯ ಸೆಲ್ಲಿಗೆ ಸಮಾಂತರವಾಗಿ ಜೋಡಿಸಿ. ಡಯೋಡಿನಲ್ಲಿ ಸುಮಾರು 0.6 ವೋಲ್ಟ್ ಕಳೆದರೂ 2.4 ಉಳಿಯುತ್ತದೆ. ಇಂಥ ಮೆಮೊರಿ ಚಿಪ್‌ಗಳಲ್ಲಿ ಹೆಚ್ಚಿನವು 2 ವೋಲ್ಟಿನವರೆಗೂ ನೆನಪು ಬಿಡುವುದಿಲ್ಲ. ಆಮೇಲೆ ಹಳೆಯದನ್ನು ತೆಗೆಯಿರಿ. ಉಪಕರಣದ ಪ್ಲಗ್ ಮೊದಲೇ ಕಿತ್ತಿರಲಿ; ಸೋಲ್ಡರಿಂಗ್ ಕಬ್ಬಿಣವನ್ನೂ ಕಾಯಿಸಿ, ಪ್ಲಗ್ ಕಿತ್ತು, ನಂತರ ಮುಟ್ಟಿಸಿ.

ಲಿಥಿಯಂ ಸೆಲ್ಲಿನ ಮೈಗೆ ನೇರವಾಗಿ ಬೆಸುಗೆ ಹಾಕಲೇಬೇಡಿ, ಸಿಡಿದೀತು. ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಕೇಳುವಾಗ ತಗಡಿನ ಕಾಲಿರುವ ಸೆಲ್ ಎಂದೇ ಕೇಳಿ. ಹಳೆಯದು ಚಾರ್ಜ್ ಆಗುವ ನಿಕಲ್ ಕ್ಯಾಡ್ಮಿಯಂ ಆಗಿದ್ದರೆ ಅದರ ಜಾಗಕ್ಕೆ ಚಾರ್ಜ್ ಆಗದ ಲಿಥಿಯಂ ಕೂರಿಸಬೇಡಿ. ಕೂರಿಸಲೇಬೇಕಾದರೆ ಚಾರ್ಜಿಂಗ್ ದಾರಿಯನ್ನು ಕಡಿದುಹಾಕಬೇಕು. ನಿಕಲ್ ಕ್ಯಾಡ್ಮಿಯಂ ಸೋರಿ ಬೋರ್ಡ್ ಹಸಿರುಗಟ್ಟಿದ್ದರೆ, ಆ ಸೋರಿಕೆ ಕ್ಷಾರ. ಸ್ವಲ್ಪ ವಿನೆಗರಿನಿಂದ ಒರೆಸಿ, ನಂತರ ಐಸೊಪ್ರೊಪಿಲ್ ಆಲ್ಕೊಹಾಲಿನಿಂದ ತೊಳೆದು ಒಣಗಿಸಿ.

ಅಂಕಿಗಳು ಅಳಿಸಿಯೇ ಹೋಗಿದ್ದರೆ ಅಂದಾಜಿನಲ್ಲಿ ತುಂಬಬೇಡಿ. ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದಲ್ಲಿ ಮತ್ತೆ ಕ್ಯಾಲಿಬ್ರೇಟ್ ಮಾಡಿಸುವುದೇ ದಾರಿ. ಅದರ ಖರ್ಚಿನ ಮುಂದೆ ಒಂದು ಸೆಲ್ಲಿನ ಬೆಲೆ ಏನೂ ಅಲ್ಲ.

ಮನೆಯವರಿಗೂ ಒಂದು ಮಾತು. ತೆಗೆದ ಗುಂಡಿ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ತಡಮಾಡದೆ ಆಸ್ಪತ್ರೆಗೆ ಓಡಬೇಕು. ಹಳೆಯ ಸೆಲ್‌ಗಳ ತುದಿಗೆ ಟೇಪ್ ಸುತ್ತಿ ಡಬ್ಬಿಯಲ್ಲಿಡಿ, ಮನೆಯ ಕಸದಲ್ಲಿ ಬೆರೆಸದೆ ಬ್ಯಾಟರಿ ಸಂಗ್ರಹಿಸುವವರಿಗೇ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹೇಳುವುದೂ ಅದನ್ನೇ.

ಈ ಭಾನುವಾರ ಬಿಡುವಿದ್ದರೆ ನಿಮ್ಮ ಉಪಕರಣದ ಸೆಲ್ ಯಾವ ವರ್ಷದ್ದೆಂದು ನೋಡಿ. ಅದು ಬದುಕಿರುವಾಗಲೇ ಬದಲಿಸಿ.