ಐವತ್ತೊಂದರಲ್ಲಿ ಆಕಾಶ ಹಿಡಿದಾಕೆ
(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣ)



ಮಗ ಕೆಲಸಕ್ಕೆಂದು ಊರು ಬಿಟ್ಟ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಬಿ.ಎಸ್ಸಿ. ಮುಗಿಸಿ ಮೂವತ್ತು ವರ್ಷವಾಗಿದೆ, ಇನ್ನೇನು ಕಲಿಯೋದು ಅಂತ ಸುಮ್ಮನೆ ಕೂತಿದ್ದೆ. ಆಗ ಓದಿದ್ದು ಕ್ಯಾರೊಲಿನ್ ಶೂಮೇಕರ್ ಅವರ ಬಗ್ಗೆ.

1929ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇವರು ಓದಿದ್ದು ಇತಿಹಾಸ, ರಾಜ್ಯಶಾಸ್ತ್ರ. ಮೂವರು ಮಕ್ಕಳು ಬೆಳೆದು ತಮ್ಮ ದಾರಿ ಹಿಡಿದ ಮೇಲೆ, 51ನೇ ವಯಸ್ಸಿನಲ್ಲಿ, ಭೂವಿಜ್ಞಾನಿ ಪತಿ ಯೂಜೀನ್ ಜೊತೆ ಭೂಮಿಯ ಹತ್ತಿರ ಸುಳಿಯುವ ಕ್ಷುದ್ರಗ್ರಹಗಳನ್ನು ಹುಡುಕಲು ನಿಂತರು. ಪಾಲೊಮಾರ್ ವೀಕ್ಷಣಾಲಯದಲ್ಲಿ ಆಕಾಶದ ಒಂದೇ ಭಾಗದ ಚಿತ್ರವನ್ನು ಸ್ವಲ್ಪ ಹೊತ್ತು ಬಿಟ್ಟು ಎರಡು ಸಲ ತೆಗೆಯುತ್ತಿದ್ದರು. ಎರಡನ್ನೂ ಸ್ಟೀರಿಯೊ ಮೈಕ್ರೊಸ್ಕೋಪಿನಲ್ಲಿ ಒಟ್ಟಿಗೆ ನೋಡಿದರೆ, ಜಾಗ ಬದಲಿಸಿದ ಚುಕ್ಕೆ ನಕ್ಷತ್ರಗಳ ನಡುವೆ ತೇಲಿದಂತೆ ಕಾಣುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸುವ ನಮ್ಮ ಕಣ್ಣೇ ಅದು!

ಹೀಗೆ 32 ಧೂಮಕೇತು, ನೂರಾರು ಕ್ಷುದ್ರಗ್ರಹಗಳು ಅವರಿಗೆ ಸಿಕ್ಕವು. 1993ರಲ್ಲಿ ಪತಿ ಹಾಗೂ ಡೇವಿಡ್ ಲೆವಿ ಜೊತೆ ಕಂಡ ಧೂಮಕೇತು, ಮರುವರ್ಷ ಜುಲೈನಲ್ಲಿ ಗುರುಗ್ರಹಕ್ಕೆ ಅಪ್ಪಳಿಸಿದ್ದನ್ನು ಜಗತ್ತೇ ನೋಡಿತು. 1997ರಲ್ಲಿ ಆಸ್ಟ್ರೇಲಿಯಾದಲ್ಲಿ ಕಾರು ಅಪಘಾತವಾಗಿ ಪತಿ ತೀರಿಕೊಂಡರು, ಇವರಿಗೂ ಪೆಟ್ಟಾಯಿತು. ಚೇತರಿಸಿಕೊಂಡು ಮತ್ತೆ ಆಕಾಶದತ್ತ ತಿರುಗಿದರು. 2021ರಲ್ಲಿ ನಿಧನರಾದರು.

ನಾನೂ ಈಗ ಆಕಾಶ ವೀಕ್ಷಣೆಯ ಗುಂಪೊಂದಕ್ಕೆ ಸೇರಿದ್ದೇನೆ. "ಈ ವಯಸ್ಸಿನಲ್ಲಾ?" ಅಂತ ಮನೆಯವರು ನಕ್ಕರು. ಹೋದ ತಿಂಗಳು ಶನಿಯ ಬಳೆ ತೋರಿಸಿದೆ. ದೂರದರ್ಶಕ ಬಿಟ್ಟು ಕದಲಲಿಲ್ಲ! ಮುಂದಿನ ಅಮಾವಾಸ್ಯೆಗೆ ಊರಾಚೆ ಹೊರಟಿದ್ದೇವೆ. ನಿಮ್ಮಲ್ಲಿ ಯಾರು ಯಾರು ಬರುತ್ತೀರಿ?