ಓಟವೂ ಇರಲಿ, ಓದೂ ಇರಲಿ



ನನಗೆ ಕೊಟ್ಟ ವಿಷಯ ಕಾಲೇಜಿನಲ್ಲಿ ಆಟ ಮತ್ತು ಪಾಠ. ನಾನು ಕ್ರೀಡಾಪಟುವಲ್ಲ, ಪ್ರಾಧ್ಯಾಪಕಿಯೂ ಅಲ್ಲ. ಓಟಗಾರ್ತಿಯೊಬ್ಬಳ ತಾಯಿ, ಸರಿಯಾಗಿ ಹೇಳಬೇಕೆಂದರೆ, ಓಟ ಬಿಟ್ಟವಳ ತಾಯಿ.

ನಾಸಿಕ್‌ನಲ್ಲಿ ಶಾಲೆ ಓದುವಾಗ ನನ್ನ ಮಗಳು 800 ಮೀಟರ್ ಓಡುತ್ತಿದ್ದಳು. ಡಿಗ್ರಿಗೆ ಛತ್ರಪತಿ ಸಂಭಾಜಿನಗರಕ್ಕೆ ಹೋದಳು. ಎರಡನೇ ವರ್ಷ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಆಯ್ಕೆಯಾದಳು. ಅದೇ ವಾರ ಇಂಟರ್ನಲ್ ಪರೀಕ್ಷೆ! ಕೇಳಲು ಹೋದರೆ ಆಫೀಸಿನವರು ವಿಭಾಗಕ್ಕೆ ಕಳಿಸಿದರು, ವಿಭಾಗದವರು ಆಫೀಸಿಗೆ. ರಾತ್ರಿ ಹಾಸ್ಟೆಲ್‌ನಿಂದ ಫೋನ್ ಮಾಡಿ, "ಅಮ್ಮಾ, ಯಾವುದನ್ನು ಬಿಡಲಿ?" ಎಂದಳು. ನಾನು ಒಂದು ನಿಮಿಷವೂ ಯೋಚಿಸಲಿಲ್ಲ. "ಓಟ ನಾಳೆ ಅನ್ನ ಹಾಕುತ್ತದೇನೇ?" ಎಂದುಬಿಟ್ಟೆ. ಪರೀಕ್ಷೆ ಬರೆದಳು, ಫಸ್ಟ್ ಕ್ಲಾಸ್ ಬಂತು. ಓಟದ ಶೂ ಇನ್ನೂ ಅಟ್ಟದ ಮೇಲಿದೆ. ಅವಳು ನನ್ನನ್ನು ಎಂದೂ ದೂರಿಲ್ಲ. ಅದೇ ನನಗೆ ಹೆಚ್ಚು ನೋವು.

ನಮ್ಮದೇ ನಾಸಿಕ್ ಜಿಲ್ಲೆಯ ಸಾವರಪಾಡಾ ಎಂಬ ಪುಟ್ಟ ಆದಿವಾಸಿ ಹಳ್ಳಿಯ ಕವಿತಾ ರಾವುತ್ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 10,000 ಮೀಟರ್‌ನಲ್ಲಿ ಕಂಚು ಗೆದ್ದರು. ನಾಸಿಕ್‌ನವರೇ ಆದ ಸಂಜೀವನಿ ಜಾಧವ್ 2017ರಲ್ಲಿ ತೈಪೆಯಲ್ಲಿ ನಡೆದ ವಿಶ್ವ ವಿದ್ಯಾರ್ಥಿ ಕ್ರೀಡಾಕೂಟದಲ್ಲಿ ಅದೇ ದೂರದ ಓಟಕ್ಕೆ ಬೆಳ್ಳಿ ತಂದರು. ನಮ್ಮ ಅನಿಲ್ ಕುಂಬ್ಳೆ 1990ರಲ್ಲಿ ಭಾರತ ತಂಡಕ್ಕೆ ಬಂದಾಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿ. ಆಡುತ್ತಲೇ ಡಿಗ್ರಿಯನ್ನೂ ಮುಗಿಸಿದರು.

ಆಡುವ ಮಕ್ಕಳೆಲ್ಲ ಪದಕ ತರುವುದಿಲ್ಲ, ನಿಜ. ಕಾಲಿಗೆ ಒಂದು ಪೆಟ್ಟು ಬಿದ್ದರೆ ಆಟವೇ ಮುಗಿಯಬಹುದು. ಅದಕ್ಕೇ ಓದು ಬೇಕು. ಆದರೆ "ಓಟ ಅನ್ನ ಹಾಕುತ್ತದೆಯೇ" ಎಂದು ಕೇಳಿದ್ದು ನನ್ನ ತಪ್ಪು. ಮಹಾರಾಷ್ಟ್ರ ಸರ್ಕಾರದ ನೌಕರಿಗಳಲ್ಲಿ ಅರ್ಹ ಕ್ರೀಡಾಪಟುಗಳಿಗೆ ಶೇ. 5ರಷ್ಟು ಮೀಸಲಾತಿ ಇದೆ. ಆ ಹುದ್ದೆಗೂ ಬೇಕಾದ ವಿದ್ಯಾರ್ಹತೆ ಇರಲೇಬೇಕು. ಅಂದರೆ ಆಟಕ್ಕೆ ಓದು ಆಸರೆ, ಓದಿಗೆ ಆಟ ಆಸರೆ.

ಹುಡುಗರಿಗೆ ಆಟ, ಪಾಠ ಎಂದು ಎರಡು ಹೊರೆ. ಹುಡುಗಿಯರಿಗೆ ಮನೆಕೆಲಸ ಎಂಬ ಮೂರನೆಯದೂ ಇದೆ. ಮೈದಾನದಿಂದ ಬಂದ ಮಗನಿಗೆ ತಟ್ಟೆ ಹಾಕುತ್ತೇವೆ. ಮಗಳಿಗೆ "ಎರಡು ಚಪಾತಿ ಲಟ್ಟಿಸಮ್ಮ" ಎನ್ನುತ್ತೇವೆ. ಮೊದಲು ಇದನ್ನು ಬಿಡೋಣ.

ಎರಡನೆಯದು, ವರ್ಷದ ಆರಂಭದಲ್ಲೇ ಕೂಟ ಮತ್ತು ಪರೀಕ್ಷೆಯ ದಿನಾಂಕಗಳನ್ನು ಪಕ್ಕಪಕ್ಕ ಬರೆದಿಡಿ. ದಿನಾಂಕ ಡಿಕ್ಕಿ ಹೊಡೆಯುವುದಾದರೆ, ಹಾಜರಾತಿಗೂ ಮರುಪರೀಕ್ಷೆಗೂ ಕ್ರೀಡಾ ವಿಭಾಗದವರ ಸಹಿಯೊಂದಿಗೆ ಮೊದಲೇ ಅರ್ಜಿ ಕೊಡಿಸಿ, ಉತ್ತರ ಬರಹದಲ್ಲೇ ಪಡೆಯಿರಿ. ಬೇಕಾದರೆ ತಂದೆ ತಾಯಿ ಜೊತೆಗೆ ಹೋಗಿ ನಿಲ್ಲಿ. ನಾನು ಅಂದು ಮಾಡಬೇಕಿದ್ದದ್ದು ಇದು.

ಮೂರನೆಯದು, ದಿನಾ ತರಗತಿಗೆ ಹೋಗಲಾಗದವರಿಗೂ ದಾರಿ ಇದೆ. 1989ರಲ್ಲಿ ಸ್ಥಾಪನೆಯಾದ ಯಶವಂತರಾವ್ ಚವ್ಹಾಣ್ ಮುಕ್ತ ವಿಶ್ವವಿದ್ಯಾಲಯ ನಮ್ಮ ನಾಸಿಕ್‌ನಲ್ಲೇ ಇದೆ. ಸಂಭಾಜಿನಗರದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರವಿದೆ. ವಿಚಾರಿಸಿ ನೋಡಿ.

ನಾಳೆ ನಿಮ್ಮ ಮಗಳು "ಯಾವುದನ್ನು ಬಿಡಲಿ" ಎಂದು ಕೇಳಿದರೆ, "ಈಗಲೇ ಯಾವುದನ್ನೂ ಬಿಡಬೇಡ, ನಾನೂ ಬರುತ್ತೇನೆ, ಕೇಳೋಣ" ಎನ್ನಿ.